ಗಿಡದ ಸಾರ ಇಲಿಯ ಊತ ಇಳಿಸುತ್ತದೆಯೇ? ವಿಷ ಪರೀಕ್ಷೆಯಿಂದ ಪಾದದ ಅಳತೆವರೆಗೆ, ಹಂತ ಹಂತವಾಗಿ

ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ಕ್ಯಾರಾಜೀನನ್ ಪಾದದ ಊತದ ಪ್ರಯೋಗ, ಅಂದರೆ ಇಲಿಯ ಪಾದಕ್ಕೆ ಕ್ಯಾರಾಜೀನನ್ ಚುಚ್ಚಿ ಊತ ಎಬ್ಬಿಸಿ ಗಿಡದ ಸಾರ ಅದನ್ನು ಇಳಿಸುತ್ತದೆಯೇ ಎಂದು ನೋಡುವ ಪ್ರಯೋಗ ಹಿಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕಂಟ್ರೋಲ್ ಇಲಿಗೆ, ಅಂದರೆ ಔಷಧವಾಗಲಿ ಸಾರವಾಗಲಿ ಕೊಡದ ಇಲಿಗೆ, ಸರಿಯಾಗಿ ಊತವೇ ಬರಲಿಲ್ಲ. ಊತ ಇಳಿಸುವ ಪರಿಚಿತ ಔಷಧ ಡೈಕ್ಲೋಫೆನಾಕ್ ಕೊಟ್ಟ ಗುಂಪಿನಲ್ಲೂ ಊತ ಇಳಿಯಲಿಲ್ಲ. ಒಂದೇ ಗುಂಪಿನ ಆರು ಇಲಿಗಳಲ್ಲಿ ಆರು ಥರದ ಅಳತೆ ಬಂತು. ಇವಕ್ಕೆಲ್ಲ ಉತ್ತರ ಇದೆ, ಕೆಳಗೆ ಹೇಳುತ್ತೇನೆ.

ಆದರೆ ಇವೆಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಒಳ್ಳೆಯ ಫಲಿತಾಂಶದ ವೇಷದಲ್ಲೇ ಬರುತ್ತದೆ. ಊತ ಇಳಿದಿರುತ್ತದೆ, ಗ್ರಾಫ್ ಚೆನ್ನಾಗಿರುತ್ತದೆ, ಆದರೆ ಊತ ಇಳಿಸಿದ್ದು ಸಾರದ ಔಷಧ ಗುಣವಲ್ಲ, ಸಾರದ ವಿಷ. ನರಳುತ್ತಿರುವ ಇಲಿಯ ಅಡ್ರಿನಲ್ ಗ್ರಂಥಿ ಕಾರ್ಟಿಕೋಸ್ಟೀರಾನ್ ಸುರಿಸುತ್ತದೆ. ಅದು ಸ್ಟೀರಾಯ್ಡ್, ಊತ ಇಳಿಸುವುದೇ ಅದರ ಕೆಲಸ. ರಕ್ತದೊತ್ತಡ ಕುಸಿದರೆ ಪಾದಕ್ಕೆ ರಕ್ತ ಕಡಿಮೆ ಹರಿದು ಊತ ಕಡಿಮೆಯಾಗುತ್ತದೆ. ಕಿರಿಕಿರಿ ಮಾಡುವ ಸಾರವನ್ನು ಹೊಟ್ಟೆಯ ಕುಹರಕ್ಕೆ ಚುಚ್ಚಿದರೆ ಅಲ್ಲೇ ಒಂದು ಉರಿಯೂತ ಎದ್ದು ಪಾದದ ಊತ ತಗ್ಗಿಬಿಡುತ್ತದೆ. ಹಾಗಾಗಿ ಈ ಪ್ರಯೋಗದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ. ವಿಷ ಪರೀಕ್ಷೆ ಮುಗಿಯದೆ ಪಾದಕ್ಕೆ ಸೂಜಿ ಚುಚ್ಚಬೇಡಿ.

## ಶುರು ಮಾಡುವ ಮುನ್ನ: ಅನುಮತಿ ಮತ್ತು ಸಾಮಾನು

ಇದು ನೋಂದಾಯಿತ ಪ್ರಾಣಿಗೃಹದಲ್ಲಿ, ತರಬೇತಿ ಪಡೆದವರ ಜೊತೆ ಮಾತ್ರ ಮಾಡುವ ಕೆಲಸ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡಲು ರಚನೆಯಾದ ಸಿಸಿಎಸ್‌ಇಎ, ಅಂದರೆ ಮೊದಲು ಸಿಪಿಸಿಎಸ್‌ಇಎ ಎಂದು ಕರೆಯುತ್ತಿದ್ದ ಸಮಿತಿಯ ನಿಯಮಗಳು ನಿಮಗೆ ಅನ್ವಯಿಸುತ್ತವೆ. ನಿಮ್ಮ ಕಾಲೇಜಿನ ಪ್ರಾಣಿ ನೈತಿಕ ಸಮಿತಿಗೆ ಅನುಮತಿಯ ಅರ್ಜಿ, ಅಂದರೆ ಫಾರ್ಮ್ ಬಿ ಕೊಟ್ಟು, ಅನುಮತಿ ಸಂಖ್ಯೆ ಕೈಗೆ ಬಂದ ಮೇಲೆ ಇಲಿ ತರಿಸಿ. ಅರ್ಜಿಯಲ್ಲಿ ವಿಷ ಪರೀಕ್ಷೆಯ ಇಲಿಗಳನ್ನೂ ಲೆಕ್ಕಕ್ಕೆ ಸೇರಿಸಿ. ಸುಮಾರು ಜನ ಊತದ ಪ್ರಯೋಗದ 30 ಇಲಿ ಮಾತ್ರ ಬರೆದು, ವಿಷ ಪರೀಕ್ಷೆಗೆ ಇಲಿ ಇಲ್ಲದೆ ಆ ಹಂತವನ್ನೇ ಹಾರಿಸಿಬಿಡುತ್ತಾರೆ.

ಬೇಕಾಗುವ ಸಾಮಾನು: ಡಿಜಿಟಲ್ ಪ್ಲೆಥಿಸ್ಮೋಮೀಟರ್ (ಪಾದ ನೀರಲ್ಲಿ ಅದ್ದಿ ಅದರ ಗಾತ್ರ ಅಳೆಯುವ ಯಂತ್ರ), ಮಿಲಿಗ್ರಾಂ ತೂಗುವ ತಕ್ಕಡಿ, ತುದಿ ಗುಂಡಗಿರುವ ಓರಲ್ ಗ್ಯಾವೇಜ್ ಸೂಜಿ (ಬಾಯಿಂದ ನೇರ ಹೊಟ್ಟೆಗೆ ದ್ರವ ಬಿಡಲು), 1 ಮಿ.ಲೀ. ಸಿರಿಂಜ್, 26 ಅಥವಾ 27 ಗೇಜ್ ಸೂಜಿ, ದ್ರವವನ್ನು ಜೋರಾಗಿ ಅಲುಗಿಸಿ ಕಲಸುವ ವೋರ್ಟೆಕ್ಸ್ ಮಿಕ್ಸರ್, ಅಳಿಸದ ಮಾರ್ಕರ್, ಗೋಡೆ ಗಡಿಯಾರ. ಫೋನಿನ ಟೈಮರ್ ಬೇಡ, ಕೈಗವಸು ಹಾಕಿಕೊಂಡು ಅದನ್ನು ಮುಟ್ಟುವುದೇ ಕಷ್ಟ.

## ಹಂತ 1: ಗಿಡ ಗುರುತಿಸಿ, ಒಂದೇ ಸಲ ಸಾಕಷ್ಟು ಸಾರ ತೆಗೆಯಿರಿ

ಉದಾಹರಣೆಗೆ ಲಕ್ಕಿ ಗಿಡವನ್ನೇ ಇಟ್ಟುಕೊಳ್ಳೋಣ. ಕೀಲು ನೋವಿಗೆ ನಮ್ಮಲ್ಲಿ ಲಕ್ಕಿ ಸೊಪ್ಪಿನ ಶಾಖ ಕೊಡುವುದು ಗೊತ್ತೇ ಇದೆ. ಇದಕ್ಕೆ ನೆಕ್ಕಿ ಅಂತಲೂ ಹೆಸರಿದೆ. ಆದರೆ ಕರಿನೆಕ್ಕಿ ಎಂದು ಕರೆಯುವುದು ಬೇರೆಯೇ ಕುಟುಂಬದ ಗಿಡ. ಊರಿನ ಹೆಸರು ನಂಬಿ ಸೊಪ್ಪು ತಂದರೆ ಇಡೀ ಪ್ರಬಂಧ ತಪ್ಪು ಗಿಡದ ಮೇಲೆ ನಿಲ್ಲುತ್ತದೆ. ಹೂ ಇರುವ ಕೊಂಬೆಯನ್ನೇ ಒಣಗಿಸಿ ಹರ್ಬೇರಿಯಂ ಮಾಡಿಸಿ, ಸಸ್ಯಶಾಸ್ತ್ರಜ್ಞರಿಂದ ಗುರುತು ಪತ್ರ ಪಡೆಯಿರಿ, ಸಂಖ್ಯೆ ಬರೆದಿಟ್ಟುಕೊಳ್ಳಿ.

ಸೊಪ್ಪನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, 70% ಎಥೆನಾಲ್‌ನಲ್ಲಿ ನೆನೆಸಿ, ಸೋಸಿ, ರೋಟರಿ ಇವ್ಯಾಪರೇಟರ್‌ನಲ್ಲಿ ಕಡಿಮೆ ಬಿಸಿಯಲ್ಲಿ ದ್ರಾವಕ ತೆಗೆಯಿರಿ. ಇಷ್ಟು ಎಲ್ಲರಿಗೂ ಬರುತ್ತದೆ. ತಪ್ಪಾಗುವುದು ಕೊನೆಯಲ್ಲಿ. ಅಂಟಂಟಾಗಿರುವ ಸಾರದಲ್ಲಿ ದ್ರಾವಕ ಉಳಿದಿರುತ್ತದೆ, ಅದರಲ್ಲೂ ಮೆಥೆನಾಲ್ ಬಳಸಿದ್ದರೆ ನೀವು ಮುಂದೆ ಅಳೆಯುವ ವಿಷ ಗಿಡದ್ದೋ ಮೆಥೆನಾಲ್‌ದೋ ಹೇಳಲಾಗುವುದಿಲ್ಲ. ಡೆಸಿಕೇಟರ್‌ನಲ್ಲಿಟ್ಟು, ಎರಡು ದಿನ ಸತತವಾಗಿ ತೂಗಿದರೂ ತೂಕ ಬದಲಾಗದಿದ್ದಾಗ ಮಾತ್ರ ಒಣಗಿದೆ ಎಂದುಕೊಳ್ಳಿ.

ಎಷ್ಟು ಸಾರ ಬೇಕು? (ಈ ಡೋಸ್‌ಗಳು ಎಲ್ಲಿಂದ ಬಂದವು ಅನ್ನುವುದು ಹಂತ 3 ಮತ್ತು 4ರಲ್ಲಿದೆ.) 200 ಗ್ರಾಂ ತೂಕದ ಇಲಿಗೆ ಕೆ.ಜಿ.ಗೆ 2000 ಮಿ.ಗ್ರಾಂ ಅಂದರೆ 400 ಮಿ.ಗ್ರಾಂ. ವಿಷ ಪರೀಕ್ಷೆಯ ಆರು ಇಲಿಗೆ 2.4 ಗ್ರಾಂ ಆಯಿತು. ಊತದ ಪ್ರಯೋಗದಲ್ಲಿ ಕೆ.ಜಿ.ಗೆ 400 ಮಿ.ಗ್ರಾಂ ಕೊಡುವ ಆರು ಇಲಿಗಳ ಗುಂಪಿಗೆ 480 ಮಿ.ಗ್ರಾಂ, 200ರ ಗುಂಪಿಗೆ 240. ಒಟ್ಟು 3.12 ಗ್ರಾಂ. ಚೆಲ್ಲುವುದು, ಬಾಟಲಿಗೆ ಅಂಟುವುದು, ಕೊಳವೆ ಪರೀಕ್ಷೆಗಳು ಎಲ್ಲ ಸೇರಿ 10 ಗ್ರಾಂ ಕೈಲಿರಲಿ. ನೋಡಿ, ಮುಕ್ಕಾಲು ಪಾಲಿಗಿಂತ ಜಾಸ್ತಿ ವಿಷ ಪರೀಕ್ಷೆಗೇ ಹೋಗುತ್ತದೆ. ಇದನ್ನು ಲೆಕ್ಕ ಹಾಕದವರು ಮಧ್ಯದಲ್ಲಿ ಸಾರ ಖಾಲಿಯಾಗಿ, ಮತ್ತೆ ಸೊಪ್ಪು ತಂದು ಹೊಸ ಬ್ಯಾಚ್ ತೆಗೆಯುತ್ತಾರೆ. ಮಳೆಗಾಲದ ಸೊಪ್ಪಿನ ಸಾರ ಸುರಕ್ಷಿತ ಅಂತ ಗೊತ್ತಾಗಿದ್ದರೆ ಬೇಸಿಗೆಯ ಸೊಪ್ಪಿನ ಸಾರವೂ ಸುರಕ್ಷಿತ ಅಂತ ಅಲ್ಲ. ವಿಷ ಪರೀಕ್ಷೆ ಮತ್ತು ಊತದ ಪ್ರಯೋಗ ಎರಡೂ ಒಂದೇ ಬ್ಯಾಚ್‌ನಲ್ಲಿ ನಡೆಯಲೇಬೇಕು.

## ಹಂತ 2: ಇಲಿ ಇಲ್ಲದೆ ಮಾಡಬಹುದಾದ್ದನ್ನು ಮೊದಲು ಮುಗಿಸಿ

ಸಾರಕ್ಕೆ ಉರಿಯೂತ ತಗ್ಗಿಸುವ ಗುಣ ಇದೆಯೇ ಎಂದು ಕೊಳವೆಯಲ್ಲೇ ಮೊದಲು ನೋಡಿ: ಆಲ್ಬುಮಿನ್ ಎಂಬ ಪ್ರೋಟೀನ್ ಕೆಡುವುದನ್ನು ತಡೆಯುವ ಪರೀಕ್ಷೆ, ಕೆಂಪು ರಕ್ತಕಣದ ಪೊರೆಯ ಪರೀಕ್ಷೆ, ಅನುಕೂಲ ಇದ್ದರೆ ಮ್ಯಾಕ್ರೋಫೇಜ್ ಕೋಶಗಳ ಪರೀಕ್ಷೆ ಮಾಡಿ. ಇಲ್ಲಿ ಏನೂ ಕಾಣದ ಸಾರಕ್ಕಾಗಿ 30ಕ್ಕೂ ಹೆಚ್ಚು ಇಲಿಗಳನ್ನು ಬಳಸುವ ಮುನ್ನ ಗೈಡ್ ಜೊತೆ ಕೂತು ಯೋಚಿಸಿ. ಟ್ಯಾನಿನ್ ಜಾಸ್ತಿ ಇರುವ ಸಾರ ಪ್ರೋಟೀನಿಗೆ ತಾನೇ ಅಂಟಿಕೊಳ್ಳುವುದರಿಂದ ಆಲ್ಬುಮಿನ್ ಪರೀಕ್ಷೆಯಲ್ಲಿ ಸುಳ್ಳು ಫಲಿತಾಂಶ ಕೊಡಬಹುದು, ಅದಕ್ಕೇ ಒಂದೇ ಪರೀಕ್ಷೆ ಸಾಲದು.

## ಹಂತ 3: ವಿಷ ಪರೀಕ್ಷೆ, ಅವಸರವಿಲ್ಲದೆ

ರಾಸಾಯನಿಕಗಳ ವಿಷ ಪರೀಕ್ಷೆಗೆ ಬಳಸುವ ಅಂತರರಾಷ್ಟ್ರೀಯ ಒಇಸಿಡಿ 423 ಮಾರ್ಗಸೂಚಿಯಲ್ಲಿ ಡೋಸ್‌ಗಳು ಮೊದಲೇ ಗೊತ್ತುಮಾಡಿರುತ್ತವೆ: ಕೆ.ಜಿ. ತೂಕಕ್ಕೆ 5, 50, 300, 2000 ಮಿ.ಗ್ರಾಂ. ಪ್ರತಿ ಹಂತಕ್ಕೆ ಮೂರು ಇಲಿ, ಸಾಮಾನ್ಯವಾಗಿ ಮರಿ ಹಾಕದ, ಗರ್ಭ ಇಲ್ಲದ ಹೆಣ್ಣು ಇಲಿಗಳು. ಸಾರದ ಬಗ್ಗೆ ಮೊದಲೇ ಮಾಹಿತಿ ಇಲ್ಲದಿದ್ದರೆ 300ರಿಂದ ಶುರು ಮಾಡಿ. ವಿಷವಿಲ್ಲ ಎಂದು ನಂಬಲು ಕಾರಣ ಇದ್ದರೆ ಮಾತ್ರ ನೇರ 2000ಕ್ಕೆ ಹೋಗಿ, ಮೂರು ಇಲಿ ಚೆನ್ನಾಗಿದ್ದರೆ ಇನ್ನು ಮೂರರಲ್ಲಿ ಅದೇ ಡೋಸ್ ಖಚಿತ ಮಾಡಿಕೊಳ್ಳಿ.

ಹಿಂದಿನ ರಾತ್ರಿ ಆಹಾರ ತೆಗೆಯಿರಿ, ನೀರು ಮಾತ್ರ ತೆಗೆಯಬೇಡಿ. ಡೋಸ್ ಕೊಟ್ಟ ಮೇಲೆ ಮೊದಲ ಅರ್ಧ ಗಂಟೆಯೊಳಗೆ ಪ್ರತಿಯೊಂದು ಇಲಿಯನ್ನೂ ಗಮನಿಸಿ, ನಂತರ ಮೊದಲ ನಾಲ್ಕು ಗಂಟೆ ಪಕ್ಕದಲ್ಲೇ ಇರಿ, ಆಮೇಲೆ 14 ದಿನ ಪ್ರತಿದಿನ ನೋಡಿ. ಮೂರನೇ ದಿನಕ್ಕೆ ಎಲ್ಲವೂ ಆರಾಮಾಗಿವೆ ಅಂತ ನೋಡುವುದನ್ನೇ ಬಿಟ್ಟರೆ ಲಿವರ್, ಕಿಡ್ನಿಗೆ ನಿಧಾನವಾಗಿ ಆಗುವ ಹಾನಿ ತಪ್ಪಿಹೋಗುತ್ತದೆ. ವಾರಕ್ಕೊಮ್ಮೆಯಾದರೂ ತೂಕ ಬರೆಯಿರಿ.

ಎಚ್ಚರಿಕೆಯ ಗುರುತುಗಳು: ರೋಮ ನಿಮಿರಿ ನಿಲ್ಲುವುದು, ಬೆನ್ನು ಗೂನಾಗಿ ಮೂಲೆ ಹಿಡಿಯುವುದು, ಏದುಸಿರು, ಭೇದಿ, ನಡುಕ, ಮುಟ್ಟಿದರೂ ಕದಲದಿರುವುದು. ಕಣ್ಣು, ಮೂಗಿನ ಸುತ್ತ ಕೆಂಪು ಕಂಡರೆ ರಕ್ತ ಎಂದು ಗಾಬರಿಯಾಗಬೇಡಿ. ಅದು ಪೋರ್ಫಿರಿನ್ ಎಂಬ ಬಣ್ಣ. ಹಾಗೆಂದು ಸುಮ್ನೆ ಬಿಡಲೂ ಬೇಡಿ, ಇಲಿ ಒತ್ತಡದಲ್ಲಿದೆ ಅನ್ನುವ ಗುರುತು ಅದು. ತೂಕ 20% ಇಳಿದರೆ ಅಥವಾ ಇಲಿ ತೀವ್ರವಾಗಿ ನರಳುತ್ತಿದ್ದರೆ ಪ್ರಾಣಿಗೃಹದ ಪಶುವೈದ್ಯರನ್ನು ಕರೆಯಿರಿ, ಅದು ತಾನಾಗಿ ಸಾಯಲಿ ಎಂದು ಕಾಯಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆ ಜೀವ ನಿಮ್ಮ ಪ್ರಶ್ನೆಗಾಗಿ ಅಲ್ಲಿದೆ.

## ಹಂತ 4: ಡೋಸ್ ಮತ್ತು ಗುಂಪು

2000ಕ್ಕೂ ಸಾವು, ತೊಂದರೆ ಕಾಣದಿದ್ದರೆ ಅದರ ಹತ್ತನೇ ಒಂದು ಮತ್ತು ಐದನೇ ಒಂದು ಭಾಗ, ಅಂದರೆ 200 ಮತ್ತು 400 ಮಿ.ಗ್ರಾಂ ತೆಗೆದುಕೊಳ್ಳುವುದು ರೂಢಿ. 2000ದಲ್ಲಿ ಸಾವಿಲ್ಲದಿದ್ದರೂ ಇಲಿಗಳು ಮಂಕಾಗಿದ್ದರೆ ಡೋಸ್ ಇನ್ನೂ ಇಳಿಸಿ. ಸಾಯಲಿಲ್ಲ ಅನ್ನುವುದೊಂದೇ ಸುರಕ್ಷಿತ ಅನ್ನುವುದಕ್ಕೆ ಸಾಕ್ಷಿಯಲ್ಲ.

ಆರಾರು ಇಲಿಗಳ ಐದು ಗುಂಪು: ಪಾದಕ್ಕೆ ಬರೀ ಸಲೈನ್, ಕ್ಯಾರಾಜೀನನ್ ಮಾತ್ರ (ಹೋಲಿಕೆಗೆ ಕಂಟ್ರೋಲ್ ಇದೇ), ಕ್ಯಾರಾಜೀನನ್ ಮತ್ತು ಕೆ.ಜಿ.ಗೆ 10 ಮಿ.ಗ್ರಾಂ ಡೈಕ್ಲೋಫೆನಾಕ್, ಕ್ಯಾರಾಜೀನನ್ ಮತ್ತು ಸಾರ 200, ಕ್ಯಾರಾಜೀನನ್ ಮತ್ತು ಸಾರ 400. ಮೊದಲ ಎರಡು ಗುಂಪಿಗೂ ಸಾರ ಕಲಸಲು ಬಳಸಿದ 0.5% ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ದ್ರವವನ್ನು ಅಷ್ಟೇ ಪ್ರಮಾಣದಲ್ಲಿ ಕುಡಿಸಬೇಕು, ಇಲ್ಲದಿದ್ದರೆ ಗ್ಯಾವೇಜ್‌ನ ಒತ್ತಡ ಸಾರದ ಗುಂಪಿಗೆ ಮಾತ್ರ ಬೀಳುತ್ತದೆ. 150ರಿಂದ 200 ಗ್ರಾಂ ತೂಕದ, ಒಂದೇ ಲಿಂಗದ, ವಿಸ್ಟಾರ್ ಎಂಬ ಪ್ರಯೋಗಾಲಯ ತಳಿಯ ಇಲಿಗಳು ಒಳ್ಳೆಯದು. ಗುಂಪು ಹಂಚುವಾಗ ಚೀಟಿ ಎತ್ತಿ. ಪಂಜರಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಗುಂಪಿಗೆ ಹಾಕುತ್ತಾ ಹೋದರೆ ನಿಧಾನದ ಇಲಿಗಳೆಲ್ಲ ಮೊದಲ ಗುಂಪಿಗೆ ಹೋಗುತ್ತವೆ.

ಡೋಸ್ ಲೆಕ್ಕ ಸುಲಭ: ಕೆ.ಜಿ.ಗೆ 10 ಮಿ.ಲೀ. ಕುಡಿಸುವುದಾದರೆ 200ರ ಗುಂಪಿಗೆ ಮಿ.ಲೀ.ಗೆ 20 ಮಿ.ಗ್ರಾಂ, 400ರ ಗುಂಪಿಗೆ 40 ಮಿ.ಗ್ರಾಂ ಇರುವಂತೆ ಕಲಸಿ. 180 ಗ್ರಾಂ ಇಲಿಗೆ ಎರಡರಲ್ಲೂ 1.8 ಮಿ.ಲೀ. ಆಯಾ ದಿನದ ತೂಕಕ್ಕೇ ಲೆಕ್ಕ ಹಾಕಿ.

ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಒಂದು, ಸಾರ ತಳ ಸೇರುವುದು. 400ರ ಗುಂಪಿನ ದ್ರವ ದಪ್ಪ ಇರುತ್ತದೆ, ಪ್ರತಿ ಸಲ ಸಿರಿಂಜ್‌ಗೆ ಎಳೆಯುವ ಮುನ್ನ ವೋರ್ಟೆಕ್ಸ್ ಮಾಡದಿದ್ದರೆ ಮೊದಲ ಇಲಿಗಳಿಗೆ ತಿಳಿನೀರು, ಕೊನೆಯ ಇಲಿಗೆ ಗಸಿ. 200 ಕೆಲಸ ಮಾಡಿ 400 ಕೆಲಸ ಮಾಡಲಿಲ್ಲ ಅನ್ನುವವರು ಮೊದಲು ಇದನ್ನೇ ನೋಡಿ. ಎರಡು, ಅಂಗಡಿಯ ಡೈಕ್ಲೋಫೆನಾಕ್ ಮಾತ್ರೆ ಕುಟ್ಟಿ ಕೊಡುವುದು. 50 ಮಿ.ಗ್ರಾಂ ಎಂದು ಬರೆದ ಮಾತ್ರೆಯ ತೂಕ 50 ಮಿ.ಗ್ರಾಂ ಅಲ್ಲ, ಉಳಿದದ್ದು ಪೂರಕ ಪುಡಿ ಮತ್ತು ಲೇಪ. ಮಾತ್ರೆಯ ಪುಡಿಯನ್ನೇ ಔಷಧ ಎಂದು ತೂಗಿದರೆ ಡೋಸ್ ಎಷ್ಟೋ ಪಾಲು ಕಡಿಮೆಯಾಗಿ, ಡೈಕ್ಲೋಫೆನಾಕ್ ಗುಂಪಿನಲ್ಲೂ ಊತ ಹಾಗೇ ಇರುತ್ತದೆ. ಶುದ್ಧ ಔಷಧದ ಪುಡಿಯನ್ನೇ ತರಿಸಿ.

## ಹಂತ 5: ಇಲಿಗಳನ್ನು ಒಗ್ಗಿಸಿ

ಇಲಿ ಬಂದ ಮೇಲೆ ಕನಿಷ್ಠ ಒಂದು ವಾರ ಬಿಡಿ. 12 ಗಂಟೆ ಬೆಳಕು, 12 ಗಂಟೆ ಕತ್ತಲು, ಸುಮಾರು 22 ಡಿಗ್ರಿ ತಾಪ. ಆ ವಾರದಲ್ಲಿ ದಿನಾ ಎತ್ತಿಕೊಂಡು, ಹಿಂಗಾಲನ್ನು ಪ್ಲೆಥಿಸ್ಮೋಮೀಟರ್ ನೀರಿನಲ್ಲಿ ಅದ್ದಿ ಅಭ್ಯಾಸ ಮಾಡಿಸಿ. ಇದನ್ನು ವ್ಯರ್ಥ ಎಂದುಕೊಳ್ಳುವವರೇ ಜಾಸ್ತಿ. ಆದರೆ ಹೆದರಿದ ಇಲಿಯ ಸ್ವಂತ ಕಾರ್ಟಿಕೋಸ್ಟೀರಾನ್ ಕಂಟ್ರೋಲ್ ಗುಂಪಿನ ಊತವನ್ನೇ ತಗ್ಗಿಸುತ್ತದೆ, ಆಮೇಲೆ ಸಾರಕ್ಕೆ ಇಳಿಸಲು ಊತವೇ ಇರುವುದಿಲ್ಲ.

## ಹಂತ 6: ಕ್ಯಾರಾಜೀನನ್ ತಯಾರಿ

ಕೆಂಪು ಕಡಲ ಪಾಚಿಯಿಂದ ಬರುವ ಕ್ಯಾರಾಜೀನನ್‌ನಲ್ಲಿ ಕ್ಯಾಪಾ, ಅಯೋಟಾ, ಲ್ಯಾಂಬ್ಡಾ ಎಂಬ ವಿಧಗಳಿವೆ. ನಿಮಗೆ ಬೇಕಾದ್ದು ಲ್ಯಾಂಬ್ಡಾ. ಉಳಿದೆರಡು ಜೆಲ್ ಕಟ್ಟುತ್ತವೆ, ಸೂಜಿಯಲ್ಲಿ ಸಿಕ್ಕಿಕೊಳ್ಳುತ್ತವೆ. ತಿಂಡಿ ತಿನಿಸಿಗೆ ಬಳಸುವ ಪುಡಿ ಬೇಡವೇ ಬೇಡ.

100 ಮಿ.ಗ್ರಾಂ ಪುಡಿ, 10 ಮಿ.ಲೀ. ಸ್ಟೆರೈಲ್ ಸಲೈನ್, ಅದೇ 1%. ಪುಡಿಯನ್ನು ಒಟ್ಟಿಗೆ ಸುರಿದರೆ ರಾಗಿ ಹಿಟ್ಟು ಬಿಸಿನೀರಿಗೆ ಬಿದ್ದಾಗಿನ ಹಾಗೆ ಗಂಟು ಕಟ್ಟಿ, ಹೊರಗೆ ಅಂಟು, ಒಳಗೆ ಒಣ ಪುಡಿ ಉಳಿಯುತ್ತದೆ. ಕಲಕುತ್ತಲೇ ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಪೂರ್ತಿ ನೆನೆಯಲು ಸಮಯ ಕೊಡಿ. ಚುಚ್ಚುವ ಮುನ್ನ ಬೆಳಕಿಗೆ ಹಿಡಿದು ನೋಡಿ: ಒಂದು ಗಂಟು ಕಂಡರೂ ಮತ್ತೆ ಕಲಕಿ. ಒಂದು ಇಲಿಗೆ ದಪ್ಪ, ಇನ್ನೊಂದಕ್ಕೆ ತೆಳು ಹೋದರೆ ಒಂದೇ ಗುಂಪಿನಲ್ಲಿ ಆರು ಥರದ ಅಳತೆ ಬರುವುದರಲ್ಲಿ ಆಶ್ಚರ್ಯವೇನಿಲ್ಲ.

## ಹಂತ 7: ಪ್ರಯೋಗದ ದಿನದ ವೇಳಾಪಟ್ಟಿ

30 ಇಲಿಯನ್ನು ಒಂದೇ ದಿನ ಮುಗಿಸಲು ಹೋಗಬೇಡಿ. ಒಂದೊಂದಕ್ಕೆ 3 ನಿಮಿಷ ಅಂದರೂ 90 ನಿಮಿಷ, ಅಷ್ಟರಲ್ಲಿ ಮೊದಲ ಇಲಿಯ ಒಂದು ಗಂಟೆಯ ಅಳತೆಯ ಸಮಯ ದಾಟಿಹೋಗಿರುತ್ತದೆ. ದಿನಕ್ಕೆ 15 ಇಟ್ಟುಕೊಳ್ಳಿ, ಪ್ರತಿ ಗುಂಪಿನಿಂದ ಮೂರು, ಕ್ರಮ ಕಲಸಿ. ಮೊದಲ ದಿನ ಕಂಟ್ರೋಲ್, ಮರುದಿನ ಸಾರದ ಗುಂಪು ಅಂತ ಮಾತ್ರ ಮಾಡಬೇಡಿ, ಆಗ ಕಂಡ ವ್ಯತ್ಯಾಸ ಸಾರದ್ದೋ ದಿನದ್ದೋ ತಿಳಿಯುವುದಿಲ್ಲ.

ಬೆಳಿಗ್ಗೆ 8ಕ್ಕೆ ತೂಕ, ಕಾಲಿನ ಗುರುತು, ಮೊದಲ ಅಳತೆ. 9ರಿಂದ 9:42ರವರೆಗೆ 3 ನಿಮಿಷಕ್ಕೊಂದರಂತೆ ಗ್ಯಾವೇಜ್. 10ರಿಂದ 10:42ರವರೆಗೆ ಅದೇ ಕ್ರಮದಲ್ಲಿ ಕ್ಯಾರಾಜೀನನ್. ಹೀಗೆ ಮಾಡಿದರೆ ಪ್ರತಿ ಇಲಿಗೂ ಸಾರ ಕೊಟ್ಟು ಸರಿಯಾಗಿ ಒಂದು ಗಂಟೆಗೆ ಚುಚ್ಚುಮದ್ದು ಬೀಳುತ್ತದೆ. 11ರಿಂದ ಗಂಟೆಗೊಂದು ಸುತ್ತು ಅಳತೆ, ಸಂಜೆ 4ರ ಸುತ್ತಿಗೆ ಆರು ಗಂಟೆಯದು ಮುಗಿಯುತ್ತದೆ. ಮಧ್ಯಾಹ್ನದ ಮೇಲೆ ಶುರು ಮಾಡಬೇಡಿ, ಇಲಿಯ ಕಾರ್ಟಿಕೋಸ್ಟೀರಾನ್ ಸಂಜೆ ಕತ್ತಲಾಗುವ ಹೊತ್ತಿಗೆ ತಾನಾಗಿಯೇ ಏರುತ್ತದೆ.

ಗ್ಯಾವೇಜ್ ಸೂಜಿಯ ಉದ್ದವನ್ನು ಇಲಿಯ ಬಾಯಿಂದ ಕೊನೆಯ ಪಕ್ಕೆಲುಬಿನವರೆಗೆ ಹಿಡಿದು ಅಳೆದುಕೊಳ್ಳಿ. ಸೂಜಿ ತನ್ನಷ್ಟಕ್ಕೆ ಜಾರಬೇಕು. ತಡೆದರೆ ಹೊರತೆಗೆಯಿರಿ, ಒತ್ತಬೇಡಿ. ಮೂಗಿನಿಂದ ದ್ರವ ಬಂದರೆ ಅಥವಾ ಇಲಿ ಉಸಿರಿಗೆ ಒದ್ದಾಡಿದರೆ ಅದು ಶ್ವಾಸನಾಳಕ್ಕೆ ಹೋಗಿದೆ, ತಕ್ಷಣ ನಿಲ್ಲಿಸಿ ಪಶುವೈದ್ಯರನ್ನು ಕರೆಯಿರಿ.

ಪಾದದ ಚುಚ್ಚುಮದ್ದಿಗೆ ಇಬ್ಬರು ಬೇಕು. ಒಬ್ಬರು ಇಲಿಯನ್ನು ಬಟ್ಟೆಯಲ್ಲಿ ಸುತ್ತಿ, ಬಲ ಹಿಂಗಾಲು ಮಾತ್ರ ಹೊರಗಿಟ್ಟು ಹಿಡಿಯಲಿ. ಸೂಜಿಯನ್ನು ಪಾದದ ಅಡಿಯ ಮೆತ್ತೆಗಳ ನಡುವೆ, ಚರ್ಮಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ತೂರಿಸಿ 0.1 ಮಿ.ಲೀ. ನಿಧಾನವಾಗಿ ಬಿಡಿ. ಚರ್ಮದಡಿ ಸಣ್ಣ ಉಬ್ಬು ಕಾಣಬೇಕು. ಕೂಡಲೇ ಸೂಜಿ ಎಳೆಯದೆ ಕೆಲವು ಸೆಕೆಂಡು ಹಾಗೇ ಹಿಡಿಯಿರಿ, ಇಲ್ಲದಿದ್ದರೆ ದ್ರವ ಬಂದ ದಾರಿಯಲ್ಲೇ ಹೊರಗೆ ಬರುತ್ತದೆ. ಪಾದ ಒದ್ದೆಯಾಗಿದ್ದರೆ, ಹನಿ ಕಂಡರೆ ಆ ಇಲಿಯ ಹೆಸರಿನ ಮುಂದೆ ಸೋರಿಕೆ ಎಂದು ಬರೆಯಿರಿ, ಮತ್ತೆ ಚುಚ್ಚಬೇಡಿ. ಕಂಟ್ರೋಲ್ ಇಲಿಗೆ ಊತ ಬರದಿರಲು ಈ ಸೋರಿಕೆಯೂ ಒಂದು ಮುಖ್ಯ ಕಾರಣ.

## ಹಂತ 8: ಅಳತೆ

ಕಣಕಾಲಿನ ಹೊರಮೂಳೆಯ ಉಬ್ಬಿನ ಮೇಲೆ ಮಾರ್ಕರ್‌ನಿಂದ ಗೆರೆ ಹಾಕಿ, ಪ್ರತಿ ಸಲ ಸರಿಯಾಗಿ ಆ ಗೆರೆವರೆಗೆ ಅದ್ದಿ. ಒಂದೆರಡು ಮಿಲಿಮೀಟರ್ ಹೆಚ್ಚು ಮುಳುಗಿಸಿದರೂ ಅಳತೆ ಏರುತ್ತದೆ. ಇಲಿ ಗೆರೆಯನ್ನು ನೆಕ್ಕಿ ಅಳಿಸುತ್ತದೆ, ಸುತ್ತಿಗೊಮ್ಮೆ ನೋಡಿ ಮತ್ತೆ ಬರೆಯಿರಿ. ಎರಡು ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಅದ್ದುವವರು ದಿನವಿಡೀ ಒಬ್ಬರೇ ಇರಲಿ, ಅವರಿಗೆ ಯಾವ ಇಲಿ ಯಾವ ಗುಂಪು ಅಂತ ಗೊತ್ತಿರಬಾರದು. ಅಳತೆ ಓದಿ ಬರೆಯುವವರು ಬೇರೆ.

## ಹಂತ 9: ಲೆಕ್ಕ

ಪಾದದ ಒಟ್ಟು ಅಳತೆಯಲ್ಲ, ಏರಿಕೆಯನ್ನು ಹೋಲಿಸಿ. ಒಂದು ಕಾಲ್ಪನಿಕ ಲೆಕ್ಕ ನೋಡಿ: ಮೊದಲ ಅಳತೆ ಎರಡೂ ಗುಂಪಿಗೆ 1.00 ಮಿ.ಲೀ. ಮೂರು ಗಂಟೆಗೆ ಕಂಟ್ರೋಲ್ 1.70, ಸಾರದ ಗುಂಪು 1.42. ಏರಿಕೆ 0.70 ಮತ್ತು 0.42. ಹಾಗಾದರೆ ಊತ ತಗ್ಗಿದ್ದು 40%. ಅದೇ 1.70 ಮತ್ತು 1.42ನ್ನು ನೇರ ಹೋಲಿಸಿದರೆ ಸುಮಾರು 16% ಮಾತ್ರ ಕಾಣುತ್ತದೆ, ಒಳ್ಳೆಯ ಫಲಿತಾಂಶ ಕೈತಪ್ಪಿತು.

ಒಂದೇ ಇಲಿಯನ್ನು ಗಂಟೆಗೊಮ್ಮೆ ಅಳೆದಿದ್ದೀರಿ, ಆದ್ದರಿಂದ ಸಂಖ್ಯಾಶಾಸ್ತ್ರದ ಪರೀಕ್ಷೆಗಳಲ್ಲಿ ರಿಪೀಟೆಡ್ ಮೆಷರ್ಸ್ ಟೂ-ವೇ ಅನೋವಾ ಸರಿಯಾದದ್ದು. ಕಂಟ್ರೋಲ್ ಜೊತೆ ಹೋಲಿಸಲು ಡನೆಟ್ ಪರೀಕ್ಷೆ. ಪ್ರತಿ ಗಂಟೆಗೂ ಪ್ರತಿ ಜೋಡಿಗೂ ಬೇರೆ ಬೇರೆ ಟಿ-ಟೆಸ್ಟ್ ಮಾಡುತ್ತಾ ಹೋದರೆ ಎಲ್ಲೋ ಒಂದು ಕಡೆ ವ್ಯತ್ಯಾಸ ಗಣನೀಯ ಎಂದು ತೋರಿಸುವ ನಕ್ಷತ್ರ ಗುರುತು ಬಂದೇ ಬರುತ್ತದೆ, ಅದಕ್ಕೆ ಅರ್ಥವಿಲ್ಲ.

## ಹಂತ 10: ಔಷಧವೋ ವಿಷವೋ, ಓದುವುದು ಹೇಗೆ

ಕ್ಯಾರಾಜೀನನ್ ಊತ ಎರಡು ಹಂತದಲ್ಲಿ ಏಳುತ್ತದೆ. ಮೊದಲ ಒಂದೂವರೆ ಎರಡು ಗಂಟೆ ಊತ ಎಬ್ಬಿಸುವ ಹಿಸ್ಟಮಿನ್, ಸೆರೊಟೋನಿನ್, ಬ್ರಾಡಿಕೈನಿನ್ ರಾಸಾಯನಿಕಗಳ ಕಾಲ. ಆಮೇಲೆ ಪ್ರೋಸ್ಟಗ್ಲಾಂಡಿನ್ ಮತ್ತು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳದ್ದು, ಊತದ ತುದಿ ಸಾಮಾನ್ಯವಾಗಿ ಮೂರರಿಂದ ಐದು ಗಂಟೆಗೆ. ಡೈಕ್ಲೋಫೆನಾಕ್ ಜಾಸ್ತಿ ಕೆಲಸ ಮಾಡುವುದು ಎರಡನೇ ಹಂತದಲ್ಲಿ. ನಿಮ್ಮ ಸಾರವೂ ಆಗಲೇ ಕೆಲಸ ಮಾಡಿದ್ದರೆ ಪ್ರೋಸ್ಟಗ್ಲಾಂಡಿನ್ ದಾರಿ ಎಂದು ಶಂಕಿಸಬಹುದು, ಸಾಬೀತಾಯಿತು ಎಂದು ಬರೆಯಬೇಡಿ. ಅದಕ್ಕೆ ಪಾದದ ಅಂಗಾಂಶದಲ್ಲಿ ಪಿಜಿಇ2 ಎಂಬ ಪ್ರೋಸ್ಟಗ್ಲಾಂಡಿನ್ ಅಳೆಯಬೇಕು.

ಈಗ ಮೊದಲು ಹೇಳಿದ ಅನುಮಾನಕ್ಕೆ ಬನ್ನಿ. ಸಾರ ಕೊಟ್ಟ ಇಲಿಗಳು ಪಂಜರದಲ್ಲಿ ಉಳಿದವುಗಳ ಹಾಗೇ ಓಡಾಡುತ್ತಿದ್ದವೇ? ರೋಮ, ಉಸಿರು ಸರಿಯಿತ್ತೇ? ಪ್ರತಿ ಸುತ್ತಿನ ಅಳತೆಯ ಪಕ್ಕದಲ್ಲೇ ಇದಕ್ಕೊಂದು ಕಾಲಂ ಇಟ್ಟು ಬರೆದಿರಬೇಕು, ಆಮೇಲೆ ನೆನಪಿನಿಂದ ಬರೆದದ್ದು ನಂಬಲಾಗದು. ಊತ ಮೊದಲ ಗಂಟೆಯಿಂದ ಆರನೆಯವರೆಗೂ ಒಂದೇ ಸಮನೆ ತಗ್ಗಿದ್ದು, ಜೊತೆಗೆ ಇಲಿಗಳೂ ಮಂಕಾಗಿದ್ದರೆ ಅದು ಬಹುಶಃ ಒತ್ತಡದ ಫಲ. ಆಗ ರಕ್ತದ ಕಾರ್ಟಿಕೋಸ್ಟೀರಾನ್ ಅಳೆಸಿ, ಅಥವಾ ಸಮಿತಿಯ ಅನುಮತಿ ಪಡೆದು ಇನ್ನೂ ಕಡಿಮೆ ಡೋಸ್‌ನಲ್ಲಿ ನೋಡಿ. ಡೋಸ್ ಇಳಿಸಿದಾಗ ಮಂಕು ಹೋಗಿ ಊತದ ಮೇಲಿನ ಪರಿಣಾಮ ಉಳಿದರೆ ಸಾರದಲ್ಲಿ ಏನೋ ಇದೆ. ಎರಡೂ ಒಟ್ಟಿಗೆ ಮಾಯವಾದರೆ ನೀವು ಅಳೆದದ್ದು ವಿಷವನ್ನು ಅಂತಲೇ ತಿಳಿಯಿರಿ.

## ಹಂತ 11: ಅಂಗಾಂಶ ಮತ್ತು ದಾಖಲೆ

ಅಂಗಾಂಶ ಬೇಕಿದ್ದರೆ ಕೊನೆಯ ಅಳತೆಯ ನಂತರ, ಸಮಿತಿ ಒಪ್ಪಿದ ವಿಧಾನದಲ್ಲೇ ಇಲಿಗಳನ್ನು ನೋವಿಲ್ಲದೆ ಕೊನೆಗೊಳಿಸಿ. ಪಾದದ ಒಂದು ಭಾಗ ಹಿಸ್ಟಾಲಜಿಗೆ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ, ಇನ್ನೊಂದು ಭಾಗ ಉರಿಯೂತದ ಗುರುತುಗಳಾದ ಮೈಲೋಪೆರಾಕ್ಸಿಡೇಸ್ ಮತ್ತು ಟಿಎನ್‌ಎಫ್-ಆಲ್ಫಾ ಪರೀಕ್ಷೆಗೆ ತಕ್ಷಣ ಫ್ರೀಜರ್‌ಗೆ. ಲಿವರ್, ಕಿಡ್ನಿ, ಹೊಟ್ಟೆಯ ಒಳಪದರವನ್ನೂ ತಪ್ಪದೆ ತೆಗೆದಿಡಿ. ಡೈಕ್ಲೋಫೆನಾಕ್ ಗುಂಪಿನ ಹೊಟ್ಟೆಯಲ್ಲಿ ಹುಣ್ಣು ಕಂಡು ಸಾರದ ಗುಂಪಿನಲ್ಲಿ ಕಾಣದಿದ್ದರೆ ಅದೂ ಬರೆಯಬೇಕಾದ ವಿಷಯ.

ವರದಿಯಲ್ಲಿ ಸೋರಿಕೆಯಾದ ಇಲಿ, ಗ್ಯಾವೇಜ್ ತಪ್ಪಿದ ಇಲಿ, ಲೆಕ್ಕದಿಂದ ಕೈಬಿಟ್ಟ ಇಲಿ ಎಲ್ಲವನ್ನೂ ಗುಂಪಿನ ಹೆಸರು ಮತ್ತು ಕಾರಣದೊಂದಿಗೆ ಬರೆಯಿರಿ. ಆರು ಇಲಿಯಿಂದ ಶುರುವಾದ ಗುಂಪು ಟೇಬಲ್‌ನಲ್ಲಿ ಐದಾಗಿದ್ದರೆ, ಆ ಆರನೆಯದು ಎಲ್ಲಿ ಹೋಯಿತು ಅನ್ನುವುದು ಟೇಬಲ್‌ನ ಕೆಳಗೇ ಇರಲಿ.